ಇಂಗ್ಲಿಷ್ ಎಂ.ಎ. ಓದಿದವರಿಗೆ ಐಎಲ್ಟ್ಸ್ ಹೇಗಿದೆ? ಪುಣೆಯಿಂದ ಒಂದು ವಿಮರ್ಶೆ

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತಗೊಂಡು, ಎಂ.ಎ. ಮುಗಿಸಿ, ಮುಂದೆ ಹೊರದೇಶದಲ್ಲಿ ಭಾಷಾಶಾಸ್ತ್ರವನ್ನೋ ಅನುವಾದವನ್ನೋ ಓದಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಂಜಿನಿಯರಿಂಗ್‌ನವರಿಗೆ, ನರ್ಸಿಂಗ್‌ನವರಿಗೆ ಐಇಎಲ್‌ಟಿಎಸ್ ಬಗ್ಗೆ, ಅಂದರೆ ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯ ಬಗ್ಗೆ, ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಭಾಷೆಯನ್ನೇ ಓದಿದವರಿಗೆ ಈ ಪರೀಕ್ಷೆ ಹೇಗೆ ಅನಿಸುತ್ತದೆ ಎಂದು ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದೆ, ನನಗೆ ಸಿಗಲಿಲ್ಲ. ನಾವೆಲ್ಲ ಬಾಯಲ್ಲಿ ಐಎಲ್ಟ್ಸ್ ಅಂತಲೇ ಹೇಳುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ.

ನಾನು ಬಾಗಲಕೋಟೆ ಕಡೆಯವಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ., ಎಂ.ಎ. ಮದುವೆಯಾಗಿ ಪುಣೆಗೆ ಬಂದೆ, ಈಗ ಕೋಥ್ರೂಡ್‌ನಲ್ಲಿ ಮನೆ. ಒಂದು ಕಾಲೇಜಿನಲ್ಲಿ ಸಿಎಚ್‌ಬಿ ಮೇಲೆ, ಅಂದರೆ ಗಂಟೆ ಲೆಕ್ಕದಲ್ಲಿ, ಇಂಗ್ಲಿಷ್ ಪಾಠ ಮಾಡುತ್ತೇನೆ. ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕಿ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ಜೊತೆಗೆ ಮರಾಠಿ, ಇಂಗ್ಲಿಷ್‌ಗಳಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಅನುವಾದ ಅಧ್ಯಯನದ ಕೋರ್ಸ್‌ಗೆ ಅರ್ಜಿ ಹಾಕಿದೆ. ಅವರು ಕೇಳಿದ್ದು ಒಟ್ಟು 7 ಬ್ಯಾಂಡ್ (ಈ ಪರೀಕ್ಷೆಯ ಅಂಕಕ್ಕೆ ಬ್ಯಾಂಡ್ ಅನ್ನುತ್ತಾರೆ, ಪೂರ್ತಿ ಅಂದರೆ 9), ಬರವಣಿಗೆಯಲ್ಲೂ 7ಕ್ಕೆ ಕಡಿಮೆ ಇರಬಾರದು.

ಎರಂಡವಣೆಯ ಕನ್ನಡ ಸಂಘದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಈ ವಿಷಯ ಬಂತು. ಕಲಬುರಗಿಯ ಒಬ್ಬ ಹುಡುಗ, ಇಲ್ಲಿ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಜರ್ಮನ್ ಓದುತ್ತಾನೆ, ಕೇಳಿದ: "ಅಕ್ಕಾರ, ನೀವು ಇಂಗ್ಲಿಷ್ ಎಂ.ಎ. ಮಾಡೀರಿ, ಕಾಲೇಜಿನ್ಯಾಗ ಇಂಗ್ಲಿಷ್ ಕಲಸ್ತೀರಿ. ನಿಮಗ್ಯಾಕ್ರೀ ಮತ್ತ ಪರೀಕ್ಷಾ?" ಪ್ರಶ್ನೆ ನ್ಯಾಯವಾದದ್ದೇ. ನಾನು ಅವನಿಗೆ ತಿರುಗಿ ಕೇಳಿದೆ: "ನನ್ನ ಎಂ.ಎ. ಅಂಕಪಟ್ಟಿ ನೋಡಿ ನಾನು ಇಂಗ್ಲಿಷ್‌ನಲ್ಲಿ ಒಂದು ಭಾಷಣ ಕೇಳಿ ಅರ್ಥ ಮಾಡಿಕೊಳ್ಳಬಲ್ಲೆ ಅಂತ ನಿನಗೆ ಗೊತ್ತಾಗ್ತದೇನಪ್ಪಾ?" ಅವನು ಸುಮ್ಮನಾದ. ನಾನು ಓದಿದ ಬಿ.ಎ., ಎಂ.ಎ. ಎರಡರಲ್ಲೂ ಕೇಳುವ ಪರೀಕ್ಷೆ ಇರಲಿಲ್ಲ, ಮಾತನಾಡುವ ಪರೀಕ್ಷೆಯೂ ಇರಲಿಲ್ಲ. ಇದ್ದದ್ದೆಲ್ಲ ಬರೆಯುವುದು. ಅದೂ ಬಹುತೇಕ ನೋಟ್ಸ್‌ನಲ್ಲಿ ಇದ್ದದ್ದನ್ನು ನೆನಪಿಟ್ಟುಕೊಂಡು ಪುಟಗಟ್ಟಲೆ ಬರೆಯುವುದು.

ಕಾಲೇಜಿನಲ್ಲಿ ಪಾಠ ಹೇಳುವ ಅರ್ಹತೆಯ ಪರೀಕ್ಷೆಯಾದರೂ ಬೇರೆ ತರಹ ಇದೆಯಾ? ಯುಜಿಸಿಯ ನೆಟ್ ತಗೊಳ್ಳಿ. 3 ಗಂಟೆ, 150 ಪ್ರಶ್ನೆ, 300 ಅಂಕ. ಎಲ್ಲವೂ ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಗಳೇ. ಇಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ನಡೆಸುವ ಮಹಾರಾಷ್ಟ್ರದ ಸೆಟ್ ಪರೀಕ್ಷೆಯೂ ಇದೇ ಮಾದರಿ. ಆ ಪರೀಕ್ಷೆಗಳಲ್ಲಿ ಇಂಗ್ಲಿಷ್ ವಿಷಯಕ್ಕೆ ಕೂತವರು ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯಬೇಕಿಲ್ಲ, ಒಂದು ಮಾತನ್ನೂ ಆಡಬೇಕಿಲ್ಲ. ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯಲ್ಲಿ ಇಂಗ್ಲಿಷ್‌ಗೆ 20 ಅಂಕದ ಮೌಖಿಕ ಪರೀಕ್ಷೆ ಇದೆ. ಹನ್ನೆರಡರ ಮಕ್ಕಳನ್ನು ಮಾತನಾಡಿಸಿ ಅಂಕ ಕೊಡುತ್ತೇವೆ, ಮುಂದೆ ಡಿಗ್ರಿಯಲ್ಲಿ ಅವರಿಗೆ ಪಾಠ ಹೇಳುವವರನ್ನು ಈ ಅರ್ಹತೆಯ ಪರೀಕ್ಷೆಗಳಲ್ಲಿ ಮಾತನಾಡಿಸುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಅದಕ್ಕೇ ಹೊರಗಿನ ಪರೀಕ್ಷೆಯೊಂದಕ್ಕೆ ಕೂರುವುದನ್ನು ನಾನು ಅವಮಾನ ಅಂತ ತಿಳಿಯಲಿಲ್ಲ.

ಈಗ ಪರೀಕ್ಷೆಗೆ ಬರೋಣ. ವಿಶ್ವವಿದ್ಯಾಲಯದಲ್ಲಿ ಓದಲು ಹೋಗುವವರು ಬರೆಯುವ ಐಎಲ್ಟ್ಸ್ ಅಕಾಡೆಮಿಕ್‌ನಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು. ಪ್ರತಿ ಭಾಗಕ್ಕೂ 0ಯಿಂದ 9ರವರೆಗೆ ಬ್ಯಾಂಡ್, ನಡುವೆ ಅರ್ಧ ಬ್ಯಾಂಡ್‌ಗಳೂ ಇವೆ. ನಾಲ್ಕರ ಸರಾಸರಿಯೇ ಒಟ್ಟು ಬ್ಯಾಂಡ್. ಪಾಸು, ಫೇಲು ಇಲ್ಲ. ಎಷ್ಟು ಬೇಕು ಅಂತ ವಿಶ್ವವಿದ್ಯಾಲಯ ಹೇಳುತ್ತದೆ. ಭಾರತದಲ್ಲಿ ಮೊದಲು ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿ ಎಂಬ ಎರಡು ಸಂಸ್ಥೆಗಳೂ ನಡೆಸುತ್ತಿದ್ದವು. 2021ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಈ ವ್ಯವಹಾರವನ್ನು ಐಡಿಪಿ ಕೊಂಡಿತು, ಈಗ ಅವರೊಬ್ಬರೇ. ಶುಲ್ಕ ಸಣ್ಣದಲ್ಲ. ಸಿಎಚ್‌ಬಿಯಲ್ಲಿ ದುಡಿಯುವವರಿಗೆ ಅದು ಭಾರಿ ಮೊತ್ತವೇ. ಅದಕ್ಕೆ ದುಡ್ಡು ಕಟ್ಟುವ ಮೊದಲು ಯಾವ ವಿಶ್ವವಿದ್ಯಾಲಯ, ಎಷ್ಟು ಬ್ಯಾಂಡ್, ಯಾವ ಭಾಗದಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಬ್ರಿಟನ್ನಿಗೆ ಹೋಗುವವರು ಮಾಮೂಲಿ ಐಎಲ್ಟ್ಸ್ ಅಕಾಡೆಮಿಕ್ ಸಾಕಾ, ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಹೆಸರಿನದ್ದೇ ಬೇಕಾ ಅಂತ ವಿಶ್ವವಿದ್ಯಾಲಯಕ್ಕೆ ಇಮೇಲ್ ಹಾಕಿ ಕೇಳಿ. ಪ್ರಶ್ನೆಪತ್ರಿಕೆಯ ಮಾದರಿ ಎರಡಕ್ಕೂ ಒಂದೇ, ಆದರೆ ನೋಂದಣಿ ಬೇರೆ, ಶುಲ್ಕವೂ ಬೇರೆ.

ನೋಂದಣಿಗೆ ಪಾಸ್‌ಪೋರ್ಟ್ ಬೇಕು. ಹೆಸರು ಅದರಲ್ಲಿ ಇದ್ದಂತೆಯೇ ಇರಬೇಕು. ನಮ್ಮವರಲ್ಲಿ ಕೆಲವರಿಗೆ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದವರಿಗೆ ಗಂಡನ ಮನೆತನದ ಅಡ್ಡಹೆಸರು ಹೀಗೆ ಮೂರು ತರಹ ಇರುತ್ತದೆ. ಇದನ್ನು ಮೊದಲೇ ಸರಿ ಮಾಡಿಕೊಳ್ಳಿ.

ನಾನು ಕಂಪ್ಯೂಟರ್ ಮೇಲೆ ಬರೆದೆ. ಮಳೆಗಾಲದ ಬೆಳಗ್ಗೆ ವನಾಜ್‌ನಿಂದ ಮೆಟ್ರೊ ಹತ್ತಿ ಹೋದೆ. ಕೇಂದ್ರದಲ್ಲಿ ಬ್ಯಾಗು, ಮೊಬೈಲು, ಕೈಗಡಿಯಾರ ಎಲ್ಲ ಹೊರಗೆ. ಫೋಟೊ, ಬೆರಳಚ್ಚು ತಗೊಂಡರು. ಸಿಬ್ಬಂದಿ ಸಮಾಧಾನದಿಂದ ಮಾತನಾಡಿದರು. ಗಾಬರಿಯಾಗಿದ್ದ ಒಬ್ಬ ಹುಡುಗಿಗೆ ಮರಾಠಿಯಲ್ಲಿ ಧೈರ್ಯ ಹೇಳಿದ್ದನ್ನೂ ನೋಡಿದೆ. ಹಾಲ್‌ನಲ್ಲಿ ಎ.ಸಿ. ಜಾಸ್ತಿ ಇತ್ತು, ತೆಳ್ಳಗಿನ ಸ್ವೆಟರ್ ಇದ್ದರೆ ಒಳ್ಳೆಯದು. ಕಂಪ್ಯೂಟರ್‌ನಲ್ಲಿ ಬರೆಯುವುದರ ದೊಡ್ಡ ಅನುಕೂಲ ಅಂದರೆ ಎಷ್ಟು ಪದ ಆಯಿತು, ಎಷ್ಟು ಸಮಯ ಉಳಿಯಿತು ಎಂದು ಪರದೆಯ ಮೇಲೇ ಕಾಣುತ್ತದೆ. ಫಲಿತಾಂಶವೂ ಕಾಗದದ ಪರೀಕ್ಷೆಗಿಂತ ಬೇಗ ಬರುತ್ತದೆ. ಟೈಪಿಂಗ್ ರೂಢಿ ಇಲ್ಲದವರಿಗೆ ಮಾತ್ರ ಇದು ಕಷ್ಟ. ನಮ್ಮ ಬಹಳಷ್ಟು ಎಂ.ಎ. ಹುಡುಗಿಯರು ಮೊಬೈಲ್‌ನಲ್ಲಿ ಪಟಪಟ ಹೊಡೆಯುತ್ತಾರೆ, ಕೀಬೋರ್ಡ್ ಮುಂದೆ ಕೈ ನಿಲ್ಲುತ್ತದೆ.

ಕೇಳುವ ಭಾಗ ಸುಮಾರು 30 ನಿಮಿಷ, 40 ಪ್ರಶ್ನೆ. ಒಂದೇ ಸಲ ಕೇಳಿಸುತ್ತಾರೆ. ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಹೀಗೆ ಬೇರೆ ಬೇರೆ ಉಚ್ಚಾರಣೆಯ ದನಿಗಳು ಬರುತ್ತವೆ. ಮೊದಲು ದಿನನಿತ್ಯದ ಮಾತುಕತೆ, ಕೊನೆಯಲ್ಲಿ ತರಗತಿಯ ಉಪನ್ಯಾಸದಂಥದ್ದು. ಆ ಕೊನೆಯ ಭಾಗವನ್ನು ನಾನು ತುಂಬ ಮೆಚ್ಚಿದೆ. ಒಬ್ಬರು ಮಾತನಾಡುತ್ತಾ ಹೋಗುತ್ತಾರೆ, ನೀವು ಟಿಪ್ಪಣಿ ತುಂಬುತ್ತಾ ಹೋಗಬೇಕು. ವಿದೇಶದ ತರಗತಿಯಲ್ಲಿ ನಿಜಕ್ಕೂ ಮಾಡಬೇಕಾದ ಕೆಲಸ ಇದೇ ಅಲ್ವಾ? ಸ್ಪೆಲಿಂಗ್ ತಪ್ಪಾದರೆ ಉತ್ತರವೂ ತಪ್ಪು. ಬ್ರಿಟಿಷ್, ಅಮೆರಿಕನ್ ಸ್ಪೆಲಿಂಗ್ ಎರಡೂ ನಡೆಯುತ್ತವೆ.

ಓದುವ ಭಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಸಾಹಿತ್ಯದ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಒಂದು ಗಂಟೆ, ಮೂರು ದೊಡ್ಡ ಲೇಖನ, 40 ಪ್ರಶ್ನೆ. ವಿಷಯ ಪುರಾತತ್ವ ಇರಬಹುದು, ಜೇನುಹುಳ ಇರಬಹುದು, ನಗರ ಯೋಜನೆ ಇರಬಹುದು. ಕಥೆ, ಕವಿತೆ ಬರುವುದಿಲ್ಲ. 40ಕ್ಕೆ 30ರ ಆಸುಪಾಸು ಸರಿ ಇದ್ದರೆ ಬ್ಯಾಂಡ್ 7, 35ರ ಆಸುಪಾಸು ಇದ್ದರೆ 8. ಇದರಲ್ಲಿ ಒಂದು ಬಗೆಯ ಪ್ರಶ್ನೆ ಇದೆ: ಕೊಟ್ಟ ಹೇಳಿಕೆ ಸರಿಯೋ, ತಪ್ಪೋ, ಅಥವಾ ಲೇಖನದಲ್ಲಿ ಅದರ ಬಗ್ಗೆ ಹೇಳೇ ಇಲ್ಲವೋ ಅಂತ ಗುರುತಿಸಬೇಕು. ಮೂರನೆಯದಕ್ಕೆ 'ನಾಟ್ ಗಿವನ್' ಅನ್ನುತ್ತಾರೆ.

ಪರೀಕ್ಷೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದು ಸರಿಯಲ್ಲ, ಅದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಲೇಖನದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: "ಊರವರು ಕೆರೆಯ ಹೂಳು ತೆಗೆದರು. ಮುಂದಿನ ವರ್ಷ ಜೋಳ ಚೆನ್ನಾಗಿ ಬಂತು." ಹೇಳಿಕೆ ಹೀಗಿದೆ: "ಹೂಳು ತೆಗೆದದ್ದರಿಂದ ಜೋಳದ ಬೆಳೆ ಹೆಚ್ಚಾಯಿತು." ಸಾಹಿತ್ಯ ಓದಿದವರು ತಕ್ಷಣ ಸರಿ ಅನ್ನುತ್ತಾರೆ. ಎರಡು ವಾಕ್ಯ ಅಕ್ಕಪಕ್ಕ ಇದ್ದರೆ ನಡುವಿನ ಸಂಬಂಧವನ್ನು ನಾವೇ ಕಟ್ಟಿಕೊಳ್ಳಬೇಕು ಎಂದು ನಮಗೆ ವರ್ಷಗಟ್ಟಲೆ ಕಲಿಸಿದ್ದಾರೆ. ಕವಿತೆ ಓದಲು ಅದು ಬೇಕೇ ಬೇಕು. ಆದರೆ ಇಲ್ಲಿ ಉತ್ತರ 'ನಾಟ್ ಗಿವನ್'. ಕಾರಣ ಅದೇ ಎಂದು ಲೇಖಕರು ಹೇಳಿಲ್ಲ. ಮಳೆ ಚೆನ್ನಾಗಿ ಬಂದಿರಬಹುದು, ಬೀಜ ಬದಲಾಗಿರಬಹುದು. ಬರೆದವರು ಎಲ್ಲಿಯವರೆಗೆ ಹೇಳಿದ್ದಾರೋ ಅಲ್ಲಿಗೇ ನಿಲ್ಲುವುದು ಅನುವಾದಕರಿಗೂ ಬೇಕಾದ ಗುಣ. ಅನುವಾದ ಮಾಡುವಾಗ ಮೂಲದಲ್ಲಿ ಇಲ್ಲದ 'ಆದ್ದರಿಂದ' ಒಂದನ್ನು ಸೇರಿಸಿಬಿಟ್ಟರೆ ಅರ್ಥವೇ ಬೇರೆಯಾಗುತ್ತದೆ. ಈ ಪ್ರಶ್ನೆಗಳ ಅಭ್ಯಾಸ ಮಾಡಿದ ಮೇಲೆ ನನ್ನ ಅನುವಾದದಲ್ಲಿ ಶಿಸ್ತು ಬಂದಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಬಿ.ಎ. ಮೊದಲ ವರ್ಷದ ಮಕ್ಕಳಿಗೆ ಈಗ ನಾನು ಇಂಥ ಪ್ರಶ್ನೆಗಳನ್ನು ತಯಾರು ಮಾಡಿ ಕೊಡುತ್ತೇನೆ.

ಬರೆಯುವುದಕ್ಕೆ ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದರಲ್ಲಿ ಒಂದು ಗ್ರಾಫ್, ಪಟ್ಟಿ, ನಕ್ಷೆ ಅಥವಾ ಒಂದು ಕೆಲಸ ನಡೆಯುವ ಕ್ರಮದ ಚಿತ್ರ ಕೊಟ್ಟು ಕನಿಷ್ಠ 150 ಪದಗಳಲ್ಲಿ ವಿವರಿಸಿ ಅನ್ನುತ್ತಾರೆ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ, ಅದಕ್ಕೆ ಮೊದಲನೆಯದರ ಎರಡರಷ್ಟು ಬೆಲೆ. ಸಾಹಿತ್ಯದವರು ಜನ್ಮದಲ್ಲಿ ಗ್ರಾಫ್ ನೋಡಿ ಬರೆದಿರುವುದಿಲ್ಲ. ಮೊದಲು ನನಗೂ ಇದು ಯಾಕಪ್ಪಾ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಕಣ್ಣೆದುರು ಇರುವುದನ್ನು, ನಮ್ಮ ಅಭಿಪ್ರಾಯ ಬೆರೆಸದೆ, ಓದುವವರಿಗೆ ಚಿತ್ರ ಕಾಣುವಂತೆ ಬರೆಯುವುದು ಸುಲಭದ ಕೆಲಸ ಅಲ್ಲ. ನಮ್ಮ ಡಿಗ್ರಿಗಳಲ್ಲಿ ಇದನ್ನು ಕಲಿಸಲೇಬೇಕು.

ಪ್ರಬಂಧದ ಕಥೆ ಬೇರೆ. ಎಂ.ಎ.ಯಲ್ಲಿ ನಾವು ಒಂದು ಪ್ರಶ್ನೆಗೆ ಏಳೆಂಟು ಪುಟ ಬರೆಯುತ್ತಿದ್ದೆವು. ಮೊದಲು ಲೇಖಕರ ಜೀವನ, ಆಮೇಲೆ ಅವರ ಕಾಲ, ಆಮೇಲೆ ವಿಮರ್ಶಕರು ಹೇಳಿದ್ದು. ನಮ್ಮ ಮಾತು ಎಲ್ಲೋ ಕೊನೆಯಲ್ಲಿ. ಐಎಲ್ಟ್ಸ್‌ನಲ್ಲಿ ಇದು ನಡೆಯುವುದಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ನಿಲುವು ಏನು, ಯಾಕೆ, ಒಂದು ಗಟ್ಟಿ ಉದಾಹರಣೆ ಕೊಡಿ, ಅಷ್ಟೇ. ನಾಲ್ಕು ವಿಷಯ ನೋಡಿ ಬ್ಯಾಂಡ್ ಕೊಡುತ್ತಾರೆ: ಪ್ರಶ್ನೆಗೆ ಉತ್ತರ ಸಿಕ್ಕಿತಾ, ಮಾತು ಒಂದಕ್ಕೊಂದು ಹೊಂದಿಕೊಂಡು ಸಾಗಿತಾ, ಪದಗಳ ಬಳಕೆ ಹೇಗಿದೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮ ತೂಕ. ಅಂದರೆ ಭಾರಿ ಭಾರಿ ಪದ ತುಂಬಿದರೆ ನಾಲ್ಕರಲ್ಲಿ ಒಂದು ಭಾಗಕ್ಕೆ ಮಾತ್ರ ಸ್ವಲ್ಪ ಲಾಭ, ಅದೂ ಪದ ಸರಿಯಾದ ಜಾಗದಲ್ಲಿ ಕೂತರೆ.

ವ್ಯಾಕರಣದಲ್ಲಿ ನಮಗೆ ಕಾಡುವುದು ಆರ್ಟಿಕಲ್. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಮರಾಠಿಯಲ್ಲೂ ಇಲ್ಲ. ಹಾಗಾಗಿ 'ಎ' ಎಲ್ಲಿ, 'ದ' ಎಲ್ಲಿ, ಏನೂ ಬೇಡದ್ದು ಎಲ್ಲಿ ಎನ್ನುವುದು ಎಂ.ಎ. ಮುಗಿಸಿದರೂ ಕೈಗೆ ಪೂರ್ತಿ ಹತ್ತುವುದಿಲ್ಲ. ಬರೆದ ಮೇಲೆ ಕೊನೆಯ ನಾಲ್ಕೈದು ನಿಮಿಷ ನಾಮಪದಗಳನ್ನು ಮಾತ್ರ ಹುಡುಕಿಕೊಂಡು ಹೋಗಿ, ಮುಂದೆ ಏನಿದೆ ಅಂತ ನೋಡಿ. ನನಗೆ ಇದರಷ್ಟು ಉಪಯೋಗಕ್ಕೆ ಬಂದ ಅಭ್ಯಾಸ ಇನ್ನೊಂದಿಲ್ಲ.

ಮಾತನಾಡುವ ಪರೀಕ್ಷೆ 11ರಿಂದ 14 ನಿಮಿಷ. ಎದುರಿಗೆ ಒಬ್ಬರು ಪರೀಕ್ಷಕರು ಇರುತ್ತಾರೆ. ನನಗೆ ಕೇಂದ್ರದಲ್ಲೇ ವೀಡಿಯೊ ಕರೆಯಲ್ಲಿ ಆಯಿತು. ಮೊದಲು ಊರು, ಕೆಲಸ, ಹವ್ಯಾಸದ ಮಾತು. ಆಮೇಲೆ ಒಂದು ವಿಷಯ ಬರೆದ ಚೀಟಿ ಕೊಟ್ಟು ಒಂದು ನಿಮಿಷ ಯೋಚಿಸಲು ಬಿಡುತ್ತಾರೆ, ಎರಡು ನಿಮಿಷದವರೆಗೆ ಒಬ್ಬರೇ ಮಾತನಾಡಬೇಕು. ಕೊನೆಗೆ ಅದೇ ವಿಷಯ ಹಿಡಿದು ಚರ್ಚೆ. ಪರೀಕ್ಷಕರು ತಲೆಯಾಡಿಸಿ ಪ್ರೋತ್ಸಾಹ ಕೊಡುವುದಿಲ್ಲ, ಮುಖ ಗಂಟೂ ಹಾಕುವುದಿಲ್ಲ. ಇದು ಗೊತ್ತಿಲ್ಲದೆ ಹೋದರೆ ನಾನು ಏನೋ ತಪ್ಪು ಹೇಳಿದೆ ಅಂತ ಗಾಬರಿಯಾಗುತ್ತದೆ.

ಕನ್ನಡ ಮಾಧ್ಯಮದವರಿಗೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮ ಉಚ್ಚಾರಣೆಯಲ್ಲಿ ಬಾಗಲಕೋಟೆ ಇರಲಿ, ಹಾಸನ ಇರಲಿ, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ನೋಡುವುದು ಮಾತು ಸ್ಪಷ್ಟವಾಗಿ ತಿಳಿಯುತ್ತದಾ, ಪದದ ಸರಿಯಾದ ಭಾಗಕ್ಕೆ ಒತ್ತು ಬೀಳುತ್ತದಾ ಅಂತ. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷ್‌ನಲ್ಲಿ ಒತ್ತು ಜಾಗ ಬದಲಾದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ. ಅಭ್ಯಾಸ ಮಾಡುವುದಿದ್ದರೆ ಅದನ್ನು ಮಾಡಿ. ಬಾಯಿ ತಿರುಗಿಸಿ ಲಂಡನ್ನಿನವರಂತೆ ಮಾತನಾಡುವುದು ಬೇಡ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಪುಣೆಯ ಡೆಕ್ಕನ್ ಬಡಾವಣೆ ಕಡೆಯ ಒಂದು ಕೋಚಿಂಗ್ ಕ್ಲಾಸಿಗೆ ನಾನು ಕೆಲವು ವಾರ ಹೋಗಿದ್ದೆ. ಹೆಸರು ಬೇಡ. ಅಲ್ಲಿ ಮೊದಲು ಮಾಡಿಸಿದ್ದೇ ಕೃತಕ ಉಚ್ಚಾರಣೆ. ಲಾತೂರಿನ ಒಬ್ಬ ಹುಡುಗ, ಸೊಲ್ಲಾಪುರದ ಒಬ್ಬ ಕನ್ನಡದ ಹುಡುಗಿ, ಇಬ್ಬರೂ ತಮ್ಮ ಸಹಜ ಇಂಗ್ಲಿಷ್ ಚೆನ್ನಾಗಿ ಮಾತನಾಡುತ್ತಿದ್ದವರು, ಅಲ್ಲಿ ಬಾಯಿ ಬಿಡಲು ಹೆದರಲು ಶುರು ಮಾಡಿದರು. ಪ್ರಬಂಧಕ್ಕೆ ಒಂದು ಅಚ್ಚು ಕೊಟ್ಟರು. ವಿಷಯ ಯಾವುದೇ ಇರಲಿ, ಮೊದಲ ಎರಡು ವಾಕ್ಯ ಅದೇ, ಕೊನೆಯ ಎರಡು ವಾಕ್ಯ ಅದೇ, ನಡುವೆ ವಿಷಯ ತುಂಬಿ ಅಂದರು. ಬಾಯಿಪಾಠ ಮಾಡಿದ ವಾಕ್ಯಗಳನ್ನು ಪರೀಕ್ಷಕರು ಗುರುತಿಸುತ್ತಾರೆ, ಬ್ಯಾಂಡ್ ಕೊಡುವ ನಿಯಮಗಳಲ್ಲೇ ಬಾಯಿಪಾಠದ ಮಾತಿನ ಬಗ್ಗೆ ಬರೆದಿದೆ. ಆ ನಿಯಮಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟೆ, ಕಟ್ಟಿದ ದುಡ್ಡು ವಾಪಸ್ ಕೊಡಲಿಲ್ಲ. ಭಾಷೆ ಓದಿದವರಿಗೆ ಕೋಚಿಂಗ್ ಬೇಕಿಲ್ಲ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅಪ್ಪಾ ಬಳವಂತ ಚೌಕದ ಪುಸ್ತಕದ ಅಂಗಡಿಗಳಲ್ಲಿ ಐಎಲ್ಟ್ಸ್ ಪತ್ರಿಕೆ ತಯಾರಿಸುವ ಕೇಂಬ್ರಿಜ್‌ನವರ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಜೊತೆಗೆ ನಿಮ್ಮ ಪ್ರಬಂಧ ಓದಿ ತಪ್ಪು ತೋರಿಸುವ ಒಬ್ಬ ಗೆಳತಿ ಇದ್ದರೆ ಸಾಕು.

ಫಲಿತಾಂಶ ಹೇಳುತ್ತೇನೆ, ಲೆಕ್ಕ ತಿಳಿಯಲಿ ಅಂತ. ಕೇಳುವುದು 8, ಓದುವುದು 8.5, ಮಾತು 7.5, ಬರೆಯುವುದು 6.5. ಸರಾಸರಿ 7.625, ಅದು 7.5ಕ್ಕೆ ಇಳಿಯುತ್ತದೆ. ಒಟ್ಟು ಬ್ಯಾಂಡ್ ಬೇಕಾದ್ದಕ್ಕಿಂತ ಹೆಚ್ಚು, ಬರವಣಿಗೆ ಮಾತ್ರ ಅರ್ಧ ಕಡಿಮೆ. ಹಿಂದೆ ಆಗಿದ್ದರೆ ಪೂರ್ತಿ ಪರೀಕ್ಷೆ ಮತ್ತೆ ಬರೆಯಬೇಕಿತ್ತು. ಈಗ 'ಒನ್ ಸ್ಕಿಲ್ ರೀಟೇಕ್' ಎನ್ನುವ ವ್ಯವಸ್ಥೆ ಇದೆ. ಕಂಪ್ಯೂಟರ್ ಮೇಲೆ ಬರೆದವರು 60 ದಿನದೊಳಗೆ ಒಂದೇ ಒಂದು ಭಾಗವನ್ನು ಒಂದು ಸಲ ಮತ್ತೆ ಬರೆಯಬಹುದು. ಶುಲ್ಕ ಪೂರ್ತಿ ಪರೀಕ್ಷೆಗಿಂತ ಕಡಿಮೆ. ನಾನು ಬರೆಯುವ ಭಾಗವನ್ನು ಮತ್ತೆ ತಗೊಂಡೆ, 7 ಬಂತು. ಆಗ ಸರಾಸರಿ 7.75, ಒಟ್ಟು 8 ಆಯಿತು. ಈ ಸೌಲಭ್ಯಕ್ಕೆ ನನ್ನಿಂದ ಪೂರ್ತಿ ಅಂಕ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಒಪ್ಪುವುದಿಲ್ಲ. ನಾನು ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿದೆ. ಕೊಟ್ಟ ಬ್ಯಾಂಡ್ ಸರಿಯಿಲ್ಲ ಅನಿಸಿದರೆ ಮರುಮೌಲ್ಯಮಾಪನಕ್ಕೂ ಅವಕಾಶ ಇದೆ, ಬ್ಯಾಂಡ್ ಬದಲಾದರೆ ಅದರ ಶುಲ್ಕ ವಾಪಸ್ ಬರುತ್ತದೆ.

ಇಷ್ಟು ಒಳ್ಳೆಯದು ಹೇಳಿದ ಮೇಲೆ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ಪರೀಕ್ಷೆ ಇಂಗ್ಲಿಷ್ ಮೂಲಕ ಬೇರೆ ಏನನ್ನೋ ಓದುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು. ಇಂಗ್ಲಿಷನ್ನೇ ಓದುವವರಿಗೆ, ಮುಂದೆ ಅದನ್ನೇ ಕಲಿಸುವವರಿಗೆ, ಅನುವಾದ ಮಾಡುವವರಿಗೆ ಇದು ಅರ್ಧ ಪರೀಕ್ಷೆ. ನಾನು ಎರಡು ಭಾಷೆಗಳ ನಡುವೆ ಓಡಾಡಬಲ್ಲೆನಾ ಅಂತ ಇದು ಕೇಳುವುದಿಲ್ಲ. ಬೇರೆಯವರ ಬರಹದಲ್ಲಿ ತಪ್ಪು ಹುಡುಕಿ ತಿದ್ದಬಲ್ಲೆನಾ ಅಂತ ಕೇಳುವುದಿಲ್ಲ. ಒಂದು ಸಾಹಿತ್ಯದ ತುಣುಕಿನ ದನಿ ಹಿಡಿಯಬಲ್ಲೆನಾ ಅಂತಲೂ ಕೇಳುವುದಿಲ್ಲ.

ಐಎಲ್ಟ್ಸ್‌ಗಿಂತ ಮೊದಲಿನ ಇಂಗ್ಲಿಷ್ ಪರೀಕ್ಷೆ ಹೀಗೆ ಇರಲಿಲ್ಲ. ಕೇಂಬ್ರಿಜ್‌ನವರು 1913ರಲ್ಲಿ ಮೊದಲ ಸಲ ಹೊರಗಿನವರಿಗೆ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ ಮಾಡಿದರು. ತಮ್ಮ ದೇಶದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬೇಕು ಎನ್ನುವವರಿಗೆ ಅಂತಲೇ ಅದನ್ನು ರೂಪಿಸಿದ್ದು. ಸುಮಾರು 12 ಗಂಟೆಗಳ ಪರೀಕ್ಷೆ. ಅನುವಾದ ಇತ್ತು, ವ್ಯಾಕರಣ ಇತ್ತು, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ ಎಲ್ಲ ಇತ್ತು. ಕೂತವರು 3 ಜನ, ಮೂವರೂ ಪಾಸಾಗಲಿಲ್ಲ. ಅಷ್ಟು ಕಠಿಣ ಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಭಾಷೆ ಕಲಿಸುವವರಿಗೆ ಏನೇನು ಗೊತ್ತಿರಬೇಕು ಎಂದು ಆ ಪಟ್ಟಿ ಮಾಡಿದವರಿಗೆ ಚೆನ್ನಾಗಿ ತಿಳಿದಿತ್ತು. ಅದೇ ಪರೀಕ್ಷೆ ಬಹಳ ಬದಲಾಗಿ ಈಗ 'ಸಿ2 ಪ್ರೊಫಿಶಿಯೆನ್ಸಿ' ಹೆಸರಿನಲ್ಲಿ ನಡೆಯುತ್ತಿದೆ. ಐಎಲ್ಟ್ಸ್ ಬಂದದ್ದು 1989ರಲ್ಲಿ. ಆಗ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ಪತ್ರಿಕೆ ಇದ್ದವು, ಸಮಾಜ ವಿಜ್ಞಾನದ ಕಡೆಯವರಿಗೆ ಒಂದು ಪತ್ರಿಕೆ ಇತ್ತು. 1995ರಲ್ಲಿ ಅದನ್ನೆಲ್ಲ ಸೇರಿಸಿ ಎಲ್ಲರಿಗೂ ಒಂದೇ ಅಕಾಡೆಮಿಕ್ ಪತ್ರಿಕೆ ಮಾಡಿದರು. ನಡೆಸುವವರಿಗೆ ಅನುಕೂಲ ಆಯಿತು, ನಮ್ಮಂಥವರಿಗೆ ಹತ್ತಿರ ಇದ್ದ ಒಂದು ಜಾಗ ಹೋಯಿತು.

ಚೀನಾದಲ್ಲಿ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದುವವರಿಗೆ ಪ್ರತ್ಯೇಕ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಎರಡನೆಯ ವರ್ಷದಲ್ಲಿ ಟಿಇಎಂ-4, ನಾಲ್ಕನೆಯ ವರ್ಷದಲ್ಲಿ ಟಿಇಎಂ-8. ಬೇರೆ ವಿಷಯ ಓದುವವರಿಗೆ ಬೇರೆಯೇ ಪರೀಕ್ಷೆ. ಟಿಇಎಂ-4ರಲ್ಲಿ ಉಕ್ತಲೇಖನ ಇದೆ. ಟಿಇಎಂ-8ರಲ್ಲಿ ತಪ್ಪು ತಿದ್ದುವುದು, ಅನುವಾದ, ಪ್ರಬಂಧ ಇವೆ. 60 ಬಂದರೆ ಪಾಸು, 80ರ ಮೇಲೆ ಉತ್ತಮ ದರ್ಜೆ. ಎಲ್ಲ ಕಾಲೇಜಿನ ಇಂಗ್ಲಿಷ್ ವಿದ್ಯಾರ್ಥಿಗಳನ್ನೂ ಒಂದೇ ಅಳತೆಯಲ್ಲಿ ನೋಡಬಹುದು. ಇದರ ಬಗ್ಗೆ ಓದಿದಾಗ ನನಗೆ ಆಸೆಯಾಯಿತು. ನಮ್ಮಲ್ಲಿ ಬಿ.ಎ. ಎರಡನೆಯ ವರ್ಷದ ಮಕ್ಕಳಿಗೆ ಒಂದು ಉಕ್ತಲೇಖನ, ಕನ್ನಡದಿಂದ ಇಂಗ್ಲಿಷ್‌ಗೆ ಒಂದು ಪುಟ, ಇಂಗ್ಲಿಷ್‌ನಿಂದ ಕನ್ನಡಕ್ಕೆ ಒಂದು ಪುಟ, ತಪ್ಪಿರುವ ಒಂದು ಪ್ಯಾರಾ ತಿದ್ದುವುದು, ಹತ್ತು ನಿಮಿಷದ ಮಾತು. ಇಷ್ಟು ಇದ್ದರೆ ನಮ್ಮ ಡಿಗ್ರಿಯ ಬೆಲೆ ಎಷ್ಟು ಏರುತ್ತದೆ!

ಪುಣೆಯಲ್ಲಿ ಬೇರೆ ಭಾಷೆ ಓದುವವರನ್ನು ನೋಡಿದಾಗಲೂ ಹೀಗೇ ಅನಿಸುತ್ತದೆ. ಆ ಕಲಬುರಗಿ ಹುಡುಗ ಗೋಥೆ ಇನ್‌ಸ್ಟಿಟ್ಯೂಟ್‌ನ ಜರ್ಮನ್ ಬಿ2 ಹಂತದ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. ಅಲ್ಲಿ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿ ಬರೆಯಬಹುದು, ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ನಮ್ಮ ಪಕ್ಕದ ಮನೆಯ ಮರಾಠಿ ಹುಡುಗಿ ಜಪಾನಿ ಭಾಷೆಯ ಜೆಎಲ್‌ಪಿಟಿ ಬರೆಯುತ್ತಾಳೆ, ಅದರಲ್ಲಿ ಮಾತನಾಡುವ ಭಾಗವೂ ಇಲ್ಲ, ಬರೆಯುವ ಭಾಗವೂ ಇಲ್ಲ. ಅದಕ್ಕೆ ಹೋಲಿಸಿದರೆ ಐಎಲ್ಟ್ಸ್ ಎಷ್ಟೋ ಪೂರ್ಣ. ಆದರೆ ಅವರಿಬ್ಬರ ಪ್ರಮಾಣಪತ್ರಗಳಿಗೂ ಅವಧಿ ಮುಗಿಯುವುದು ಅಂತ ಇಲ್ಲ. ನನ್ನ ಐಎಲ್ಟ್ಸ್ ಅಂಕಕ್ಕೆ ಮಾತ್ರ 2 ವರ್ಷ. ದಿನಾ ಇಂಗ್ಲಿಷ್ ಪಾಠ ಹೇಳುವವರಿಗೆ 2 ವರ್ಷದಲ್ಲಿ ಇಂಗ್ಲಿಷ್ ಮರೆತುಹೋಗುತ್ತದಾ? ಭಾಷೆ ಓದಿದವರಿಗಾದರೂ ಈ ಅವಧಿಯನ್ನು ಉದ್ದ ಮಾಡಬೇಕು.

ಇನ್ನೊಂದು ಕೊರತೆ ನನಗೆ ಇದಕ್ಕಿಂತ ದೊಡ್ಡದು. ಬರೆದ ಪತ್ರಿಕೆಯನ್ನು ನಮಗೆ ತೋರಿಸುವುದಿಲ್ಲ. 6.5 ಎಂಬ ಸಂಖ್ಯೆ ಬಂತು. ಅದು ಆರ್ಟಿಕಲ್‌ನಿಂದ ಬಂತಾ, ವಾದ ಸಡಿಲವಾಗಿ ಬಂತಾ, ಗ್ರಾಫ್ ವಿವರಣೆಯಲ್ಲಿ ಬಂತಾ ಅಂತ ಗೊತ್ತಾಗಲು ದಾರಿ ಇಲ್ಲ. ನಾಲ್ಕು ಅಂಶಗಳಿಗೆ ಬೇರೆ ಬೇರೆ ಬ್ಯಾಂಡ್ ಪರೀಕ್ಷಕರು ಕೊಟ್ಟೇ ಇರುತ್ತಾರೆ, ಅಷ್ಟನ್ನಾದರೂ ಅಂಕಪಟ್ಟಿಯಲ್ಲಿ ಹಾಕಬಹುದು. ಪಾಠ ಹೇಳುವವಳಾಗಿ ನಾನು ಯಾವ ವಿದ್ಯಾರ್ಥಿಗೂ ಬರೀ ಸಂಖ್ಯೆ ಬರೆದು ಪತ್ರಿಕೆ ಒಳಗಿಡುವುದಿಲ್ಲ.

ಬೇರೆ ಇಂಗ್ಲಿಷ್ ಪರೀಕ್ಷೆಗಳ ಬಗ್ಗೆ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ, ಅವನ್ನು ನಾನು ಬರೆದಿಲ್ಲ. ಟೋಫೆಲ್ 1964ರಿಂದ ಇದೆ, 2023ರ ಜುಲೈನಿಂದ 2 ಗಂಟೆಯೊಳಗೆ ಮುಗಿಯುತ್ತದೆ, ಮಾತನಾಡುವುದು ಮೈಕಿನ ಮುಂದೆ. ಡ್ಯುಯೊಲಿಂಗೊ ಪರೀಕ್ಷೆಯನ್ನು ಮನೆಯಲ್ಲೇ ಸುಮಾರು ಒಂದು ಗಂಟೆಯಲ್ಲಿ ಬರೆಯಬಹುದು, ಶುಲ್ಕವೂ ಕಡಿಮೆ. ಆದರೆ ಭಾಷಾ ವಿಭಾಗಗಳು ಅದನ್ನು ಒಪ್ಪುತ್ತವಾ ಎಂದು ಒಂದೊಂದಾಗಿ ನೋಡಬೇಕು. ಮನುಷ್ಯರ ಜೊತೆ ಮಾತನಾಡುವ ಪರೀಕ್ಷೆ ಬೇಕು ಅನ್ನುವವರಿಗೆ ಐಎಲ್ಟ್ಸೇ ಸರಿ.

ಈ ವರ್ಷ ಬರೆಯುವವರು ಯಾರಾದರೂ ಪುಣೆಯಲ್ಲಿದ್ದರೆ ಒಂದು ಮಾತು. ಭಾನುವಾರ ಸಂಜೆ ನಾವು ನಾಲ್ಕೈದು ಜನ ಕನ್ನಡದವರು ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಕೂತು ಪ್ರಬಂಧ ಬರೆದು, ಒಬ್ಬರದನ್ನು ಒಬ್ಬರು ತಿದ್ದುತ್ತೇವೆ. ಹೋದ ವಾರದಿಂದ ಅದಕ್ಕೆ ಕನ್ನಡ ಪತ್ರಿಕೆಯ ಒಂದು ಪ್ಯಾರಾ ಇಂಗ್ಲಿಷ್‌ಗೆ ಅನುವಾದ ಮಾಡುವುದನ್ನೂ ಸೇರಿಸಿದ್ದೇವೆ. ದುಡ್ಡು ಏನೂ ಇಲ್ಲ. ಬರುವವರು ಒಂದು ಗಂಟೆಯಲ್ಲಿ ಬರೆದ ಎರಡು ಉತ್ತರ ತರಬೇಕು, ಇನ್ನೊಬ್ಬರ ಉತ್ತರ ಓದಲು ಒಂದು ಗಂಟೆ ಕೂರಬೇಕು.